ನಲವತ್ತೊಂದನೆಯ ಸ್ಫೋಟ

ಪೆಟ್ಟಿಗೆ ತೆರೆದ ದಿನ ದಡದ ಊಟದ ಮನೆಯಲ್ಲಿ ಖುಷಿಪಡದೆ ಉಳಿದವಳು ಸೊಯೆಲ್ಮಾ ಬಾತುಯೆವ್ನಾ ಒಬ್ಬಳೇ. ಮಂಜುಗಡ್ಡೆಯ ಮೇಲೆ ರಾಟೆ ತಿರುಗಿಸುವ ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಬೆನ್ನು ಮುರಿಯುವ ಹಾಗೆ ತಟ್ಟುತ್ತಿದ್ದರು. ಅಡಿಗೆಯ ದುಲ್ಮಾ ಹೊಸ್ತಿಲಿನಾಚೆ ನಿಂತು ಉಂಗುರದ ಬೆರಳನ್ನು ಹಾಲಿನಲ್ಲಿ ಅದ್ದಿ ಬೈಕಲ್ ಸರೋವರದ ಕಡೆಗೆ ನೈವೇದ್ಯವೆಂದು ಮೂರು ಹನಿ ಚಿಮ್ಮಿಸಿ ಒಳಗೆ ಬಂದಳು. ಮುಖ್ಯಸ್ಥ ಅರ್ಕಾಡಿ ಸಾವೆಲ್ಯೆವಿಚ್, ಎಪ್ಪತ್ತರ ಮುದುಕ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಈ ಸಂಭ್ರಮಕ್ಕೆಲ್ಲ ಕಾರಣನಾದ ಮತ್ವೇಯ್ ಮಾತ್ರ ಮೂಲೆಯ ಬೆಂಚಿನ ಮೇಲೆ ಕೂತು, ಯಾರಾದರೂ ಕೈಕುಲುಕಿದಾಗೆಲ್ಲ ಕಿವಿಯವರೆಗೆ ಕೆಂಪಾಗುತ್ತಿದ್ದ.

ಸೊಯೆಲ್ಮಾ ಒಲೆಯ ಪಕ್ಕ ಲೋಟ ಹಿಡಿದು ನಿಂತಿದ್ದಳು. ಅವಳ ತಲೆಯಲ್ಲಿ ಹುಳ ಹೊಕ್ಕಾಗಿತ್ತು. ಇಷ್ಟು ಚೆಂದವಾಗಿ ಬರುವುದುಂಟೇ?

ಬಂದದ್ದಾದರೂ ಏನು? ಒಂದೇ ಒಂದು ನ್ಯೂಟ್ರಿನೊ ಕಣ. ಆಕಾಶದ ಯಾವುದೋ ಮೂಲೆಯಲ್ಲಿ ದೊಡ್ಡ ನಕ್ಷತ್ರವೊಂದು ಸತ್ತರೆ ಗಾಮಾ ಕಿರಣಗಳ ಸ್ಫೋಟವಾಗುತ್ತದೆ. ಕೆಲವೇ ಕ್ಷಣಗಳ ಆಟ. ಉಪಗ್ರಹಗಳು ಅದನ್ನು ನೋಡಿ ಹೊತ್ತನ್ನೂ ದಿಕ್ಕನ್ನೂ ಬರೆದಿಡುತ್ತವೆ. ಆ ಸ್ಫೋಟದಿಂದ ಭಾರಿ ಶಕ್ತಿಯ ನ್ಯೂಟ್ರಿನೊಗಳೂ ಹೊರಡಬೇಕೆಂದು ಲೆಕ್ಕ ಹೇಳುತ್ತದೆ. ಹೇಳುತ್ತದೆ ಅಷ್ಟೆ, ಕಂಡೆವೆಂದು ಎದೆತಟ್ಟಿ ಹೇಳಿದವರಿಲ್ಲ. ಹಾಳಾದ್ದು ಅದಕ್ಕೆ ಗೋಡೆಯಿಲ್ಲ, ಬೆಟ್ಟವಿಲ್ಲ, ಭೂಮಿಯನ್ನೇ ತೂರಿಕೊಂಡು ಆಚೆ ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ನೀರಿಗೆ ಡಿಕ್ಕಿ ಹೊಡೆದರೆ ನೀಲಿ ಬೆಳಕು ಮಿನುಗಿ ಆರುತ್ತದೆ. ಆ ಮಿನುಗಿಗಾಗಿ ಸರೋವರದ ಆಳದಲ್ಲಿ ಗಾಜಿನ ಗೋಳಗಳನ್ನು ಉದ್ದ ಹಗ್ಗಗಳಿಗೆ ಪೋಣಿಸಿ ಇಳಿಬಿಟ್ಟಿದ್ದರು. ಮಾಲೆ ಎಂದೇ ಅದಕ್ಕೆ ಹೆಸರು. ಚಳಿಗಾಲದ ಎರಡು ತಿಂಗಳು ಸರೋವರ ಗಟ್ಟಿಯಾದಾಗ ಅದರ ಮೇಲೆ ಗುಡಿಸಲು ಹಾಕಿ, ತೂತು ಕೊರೆದು, ರಾಟೆಯಿಂದ ಹೊಸ ಮಾಲೆ ಇಳಿಸುವುದು, ಹಳೆಯದನ್ನು ಎತ್ತಿ ರಿಪೇರಿ ಮಾಡುವುದು. ಮಿಕ್ಕ ಹತ್ತು ತಿಂಗಳು ಕಾಯುವುದು.

ಕಾಯುವವರಿಗೆ ಆಸೆ ಹುಟ್ಟುತ್ತದೆ, ಆಸೆ ಕಣ್ಣಿಗೆ ಮಣ್ಣೆರಚುತ್ತದೆ. ಅದಕ್ಕಾಗಿ ಅಲ್ಲೊಂದು ಕಟ್ಟುನಿಟ್ಟು ಇತ್ತು. ಪ್ರತಿಯೊಂದು ಸ್ಫೋಟದ ಆಚೀಚಿನ ಹತ್ತು ನಿಮಿಷದ ಮಾಹಿತಿಯನ್ನು ಬೇರೆ ಯಂತ್ರದಲ್ಲಿ ಬೀಗ ಹಾಕಿಡುವುದು. ಅದೇ ಪೆಟ್ಟಿಗೆ. ಹುಡುಕುವವನು ಪೆಟ್ಟಿಗೆಯ ಹೊರಗಿನ ಮಾಹಿತಿಯನ್ನಷ್ಟೇ ನೋಡಿ ತನ್ನ ಜರಡಿ ಸಿದ್ಧ ಮಾಡಬೇಕು: ಯಾವ ಬೆಳಕನ್ನು ನಂಬುವುದು, ಯಾವುದನ್ನು ಕಸವೆಂದು ಎಸೆಯುವುದು. ಜರಡಿ ಮುಗಿಯಿತು, ಇನ್ನು ಕೈ ಹಚ್ಚುವುದಿಲ್ಲ ಎಂದು ಬರೆದುಕೊಟ್ಟ ಮೇಲೆ, ಒಂದೇ ಒಂದು ಸಲ ಪೆಟ್ಟಿಗೆ ತೆರೆಯುವುದು. ಬಂದದ್ದು ಬಂತು, ಬಾರದ್ದು ಇಲ್ಲ.

ಮೂರು ವರ್ಷಗಳ ಜರಡಿ ಮತ್ವೇಯ್‌ನದು. ಪೆಟ್ಟಿಗೆಯ ಕೀಲಿ ಹನ್ನೊಂದು ವರ್ಷಗಳಿಂದ ಸೊಯೆಲ್ಮಾಳದು. ಅರವತ್ತೆರಡು ಸ್ಫೋಟಗಳಲ್ಲಿ ಅರವತ್ತೊಂದಕ್ಕೆ ಏನೂ ಸಿಗಲಿಲ್ಲ. ನಲವತ್ತೊಂದನೆಯದಕ್ಕೆ, ಸ್ಫೋಟ ಕಂಡ ಮೂವತ್ತೆಂಟು ಸೆಕೆಂಡಿನೊಳಗೆ, ಅದೇ ದಿಕ್ಕಿನಿಂದ, ಭೂಮಿಯನ್ನು ಕೆಳಗಿನಿಂದ ತೂರಿಕೊಂಡು ಬಂದ ಒಂದು ನ್ಯೂಟ್ರಿನೊ ಐದನೆಯ ಮಾಲೆಯ ಬಳಿ ಬೆಳಕು ಚೆಲ್ಲಿ ಹೋಗಿತ್ತು.

ಇನ್ನು ಉಳಿದದ್ದು ಒಂದು ಕಾಗದ. ‘ಪೆಟ್ಟಿಗೆಯೊಳಗಿನ ಯಾವ ಸುದ್ದಿಯೂ ಜರಡಿ ಮಾಡಿದವನಿಗೆ ಮೊದಲೇ ತಲುಪಿಲ್ಲ’ ಎಂದು ಕೀಲಿ ಹಿಡಿದವಳು ರುಜು ಹಾಕಬೇಕು. ಆ ರುಜು ಇಲ್ಲದೆ ಲೋಕದ ಮುಂದೆ ಒಂದಕ್ಷರ ಹೇಳುವ ಹಾಗಿಲ್ಲ. ಅರ್ಕಾಡಿ ಸಾವೆಲ್ಯೆವಿಚ್ ಆಗಲೇ ಕಾಗದ ಹಿಡಿದುಕೊಂಡು ಬಂದ.

“ಹಾಕಮ್ಮ ಒಂದು ರುಜು. ಕೈ ನಡುಗೋ ಮೊದಲು ಇದನ್ನ ನೋಡಿಬಿಡೋಣ ಅಂತಿದ್ದೆ. ನೋಡಿದೆ.”

“ನಿಮ್ಮ ಕೈ ಇನ್ನೂ ಹತ್ತು ವರ್ಷ ನಡುಗಲ್ಲ,” ಎಂದಳು ಸೊಯೆಲ್ಮಾ. “ಎರಡು ದಿನ ಕೊಡಿ.”

“ಎರಡು ದಿನ ಯಾಕೆ?”

“ನನಗೆ ನಿಧಾನಕ್ಕೆ ಓದೋ ಅಭ್ಯಾಸ.”

ಮುದುಕ ಕಾಗದ ಮಡಿಚಿ ಜೇಬಿಗಿಟ್ಟುಕೊಂಡ. ಹನ್ನೊಂದು ವರ್ಷಗಳಿಂದ ಬಲ್ಲವನು. ಯಾವುದನ್ನೂ ನಂಬದಿರುವುದಕ್ಕೇ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು. ಊಟಕ್ಕೆ ಮೀನು ಬಂದರೆ ಯಾವ ದಿನ ಹಿಡಿದದ್ದೆಂದು ಮೀನನ್ನೇ ಕೇಳುವವಳು ಎಂದು ರಾಟೆಯವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಮರುದಿನ ಬೆಳಿಗ್ಗೆ ಅವಳು ಜರಡಿಯ ಇತಿಹಾಸವನ್ನು ಮೊದಲಿನಿಂದ ಓದಿದಳು. ಯಾವ ದಿನ ಏನು ಬದಲಾಯಿಸಿದ, ಯಾಕೆ ಬದಲಾಯಿಸಿದ ಎಂದು ಮತ್ವೇಯ್ ಬರೆದಿಡಬೇಕಿತ್ತು, ಬರೆದಿಟ್ಟಿದ್ದ. ಹುಡುಗ ಶಿಸ್ತಿನವನೇ. ಕೊನೆಯ ಬದಲಾವಣೆ ಮಾರ್ಚ್ ನಾಲ್ಕರದು, ಪೆಟ್ಟಿಗೆ ತೆರೆಯುವ ಹತ್ತೊಂಬತ್ತು ದಿನ ಮುಂಚಿನದು. ಅಲ್ಲಿಯವರೆಗೆ, ಒಂದು ಮಾಲೆಯಲ್ಲಿ ಒಂದು ಮಿತಿಗಿಂತ ಜೋರಾದ ಬೆಳಕು ಕಂಡರೆ ಆ ಹತ್ತು ನಿಮಿಷಕ್ಕೆ ಆ ಮಾಲೆಯನ್ನೇ ಕೈಬಿಡುವ ನಿಯಮವಿತ್ತು. ಗೋಳ ಕೆಟ್ಟು ಕಿಡಿ ಹಾರಿಸಿದರೂ ಬೆಳಕೇ, ನೀರಿನ ಸೂಕ್ಷ್ಮಜೀವಿಗಳು ಮಿನುಗಿದರೂ ಬೆಳಕೇ. ಅಂಥ ಮಾಲೆಯ ಮಾತನ್ನು ನಂಬುವುದು ಹೇಗೆ? ಮಾರ್ಚ್ ನಾಲ್ಕರಂದು ಮತ್ವೇಯ್ ಆ ಮಿತಿಯನ್ನು ಇಮ್ಮಡಿ ಮಾಡಿದ್ದ. ಕಾರಣದ ಕಡೆ ಬರೆದದ್ದು: ‘ವಸಂತದಲ್ಲಿ ನೀರಿನ ಮಿನುಗು ಬೇಗ ಏರುತ್ತಿದೆ. ಒಳ್ಳೆಯ ಮಾಲೆಗಳೂ ಬಿದ್ದುಹೋಗುತ್ತಿವೆ. ಸ್ವಂತ ಗಮನಕ್ಕೆ ಬಂದದ್ದು.’

ಸೊಯೆಲ್ಮಾ ಹಳೆಯ ಮಿತಿಯನ್ನು ನಲವತ್ತೊಂದನೆಯ ಸ್ಫೋಟಕ್ಕೆ ಹಚ್ಚಿ ನೋಡಿದಳು. ಐದನೆಯ ಮಾಲೆ ಬಿದ್ದುಹೋಯಿತು. ಮಾಲೆಯ ಜೊತೆಗೆ ನ್ಯೂಟ್ರಿನೊ ಕೂಡ.

ಮೂರು ವರ್ಷ ಒಂದೇ ಮಿತಿ ಇಟ್ಟುಕೊಂಡವನು, ಇನ್ನೇನು ಮುಗಿಯಿತು ಎನ್ನುವಾಗ ಅದೊಂದನ್ನೇ ಬದಲಾಯಿಸುವುದು, ಬದಲಾಯಿಸಿದ್ದು ಅದೊಂದನ್ನೇ ಒಳಗೆ ಬಿಡುವುದು! ಇದನ್ನು ಅದೃಷ್ಟ ಎಂದುಕೊಳ್ಳುವವಳೇ ಸೊಯೆಲ್ಮಾ? ಮೇ ತಿಂಗಳಿಗೆ ಮತ್ವೇಯ್‌ನ ಕೆಲಸದ ಕರಾರು ಮುಗಿಯುತ್ತಿತ್ತು. ಏನಾದರೂ ಸಿಕ್ಕರೆ ಉಳಿಯುತ್ತಾನೆ, ಸಿಗದಿದ್ದರೆ ಹೆಂಡತಿಯನ್ನೂ ಮಗುವನ್ನೂ ಕಟ್ಟಿಕೊಂಡು ಮಾವನ ಊರಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳುತ್ತಾನೆ. ಕದ್ದು ನೋಡುವುದಕ್ಕೆ ಇನ್ನೇನು ಕಾರಣ ಬೇಕು?

ಅವಳು ಅಡಿಗೆಮನೆಗೆ ಹೋದಳು. ಶಿಬಿರದಲ್ಲಿ ದುಲ್ಮಾಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ದುಲ್ಮಾ ಮಾಂಸದ ಕಡುಬಿನ ಬಾಯಿ ಮಡಿಚುತ್ತ ಕೂತಿದ್ದಳು. ಅವಳೂ ಸೊಯೆಲ್ಮಾಳ ಹಾಗೆ ಆ ಸರೋವರದ ಸುತ್ತಲಿನ ಬುರ್ಯಾತ್ ಜನಾಂಗದ ಹೆಣ್ಣು. ಅಕ್ಕನನ್ನು ಕರೆಯುವಂತೆ ‘ಎಗೆಶೆ’ ಎಂದೇ ಕರೆಯುತ್ತಿದ್ದಳು.

“ಬನ್ನಿ ಎಗೆಶೆ, ಉಪ್ಪುಚಹಾ ಇದೆ. ಯಾಕೆ ಮುಖ ಹೀಗೆ? ಊರೆಲ್ಲ ಹಬ್ಬ ಮಾಡ್ತಿದ್ರೆ ನೀವೊಬ್ರು ಸೂತಕದವರ ಹಾಗೆ.”

“ಮತ್ವೇಯ್ ಈ ತಿಂಗಳ ಮೊದಲಲ್ಲಿ ಹೇಗಿದ್ದ ದುಲ್ಮಾ? ಏನಾದ್ರೂ ಹೇಳಿದ್ನಾ?”

“ಏನು ಹೇಳ್ತಾನೆ ಪಾಪ. ತಿನ್ನೋವಾಗ್ಲೂ ಪುಸ್ತಕ.” ದುಲ್ಮಾ ಒಂದು ಕ್ಷಣ ಯೋಚಿಸಿದಳು. “ಹಾಂ, ಒಂದಿನ ಬಹಳ ಖುಷೀಲಿದ್ದ. ಎರಡು ತಟ್ಟೆ ಕಡುಬು ತಿಂದು, ಬರೋ ವರ್ಷಾನೂ ನಿನ್ನ ಕೈ ಊಟ ನನಗೇ ದುಲ್ಮಾ, ನಾನೆಲ್ಲೂ ಹೋಗಲ್ಲ ಅಂದ.”

“ಯಾವತ್ತು?”

“ಹೆಣ್ಣುಮಕ್ಕಳ ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ಇರಬೇಕು. ಯಾಕೆ?”

ಹೆಣ್ಣುಮಕ್ಕಳ ಹಬ್ಬ ಮಾರ್ಚ್ ಎಂಟಕ್ಕೆ. ಅಂದರೆ ಜರಡಿ ಬದಲಾಯಿಸಿದ ಮಾರನೆಯ ದಿನವೋ ಅದರ ಮಾರನೆಯ ದಿನವೋ. ಪೆಟ್ಟಿಗೆ ತೆರೆಯುವ ಮೊದಲೇ ಬರುವ ವರ್ಷದ ಊಟ ಗೊತ್ತು ಮಾಡಿಕೊಂಡವನನ್ನು ಏನೆನ್ನಬೇಕು? ಸೊಯೆಲ್ಮಾ ಚಹಾವನ್ನು ಮುಗಿಸದೆ ಎದ್ದಳು. ಯಾರು ಯಾವ ಕೋಣೆಯ ಕೀಲಿ ಒಯ್ದರೆಂದು ಬರೆಯುವ ನಡುಕೋಣೆಯ ಪುಸ್ತಕ ತೆಗೆದು ನೋಡಿದಳು. ಫೆಬ್ರವರಿ ಇಪ್ಪತ್ತೆಂಟರಂದು ಪೆಟ್ಟಿಗೆಯ ಯಂತ್ರವಿದ್ದ ಕೋಣೆಗೆ ಮತ್ವೇಯ್ ಹೋಗಿದ್ದ. ‘ಶಾಖದ ಕೊಳವೆ ಸೋರಿಕೆ’ ಎಂದು ಬರೆದು, ಅರ್ಧ ಗಂಟೆ ಒಳಗಿದ್ದ. ಶಾಖದ ಕೊಳವೆಗೆ ಭೌತವಿಜ್ಞಾನಿ ಯಾಕೆ? ರಾಟೆಯವರು ಸತ್ತಿದ್ದರೇ?

ಆಮೇಲೆ ಅವಳಿಗೆ ನೋಡಿದ್ದೆಲ್ಲ ಅದೇ ಆಯಿತು. ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದದ್ದು, ಜನ ಹೊಗಳಿದಾಗ ಕೆಂಪಾದದ್ದು, ನಿನ್ನೆ ಗ್ಲಾಸು ಮುಟ್ಟದೆ ಬೇಗ ಮಲಗಲು ಹೋದದ್ದು. ನಾಚಿಕೆಯವನೂ ಹಾಗೇ ಮಾಡುತ್ತಾನೆ, ಕಳ್ಳನೂ ಹಾಗೇ ಮಾಡುತ್ತಾನೆ. ಸೊಯೆಲ್ಮಾಳಿಗೆ ಎರಡನೆಯದೇ ಕಂಡಿತು.

ಮಧ್ಯಾಹ್ನ ಅವನು ಮಂಜುಗಡ್ಡೆಯ ಮೇಲಿದ್ದ. ಅವಳು ವ್ಯಾನು ಹತ್ತಿ ಹೋದಳು. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಬಿರುಕಿನ ಮೇಲೆ ಹಾಸಿದ ಹಲಗೆಗಳ ಬಳಿ ನೀರು ಆಗಲೇ ಜಿನುಗತೊಡಗಿತ್ತು. ಇನ್ನು ಹತ್ತು ದಿನಕ್ಕೆ ಶಿಬಿರ ಎತ್ತಬೇಕು. ತೂತಿನ ಸುತ್ತ ಐದಾರು ಮಂದಿ ಮಾಲೆಯೊಂದನ್ನು ಮೇಲೆಳೆಯುತ್ತಿದ್ದರು. ನೀರಿನಿಂದ ಗಾಜಿನ ಗೋಳ ಎದ್ದ ಕೂಡಲೇ ಮತ್ವೇಯ್ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಒರೆಸಿ ಪಕ್ಕದವನಿಗೆ ಕೊಡುತ್ತಿದ್ದ.

“ಮತ್ವೇಯ್, ಈಚೆ ಬಾ.”

“ಈ ಎರಡು ಗೋಳ ಬಂದುಬಿಡ್ಲಿ, ಸೊಯೆಲ್ಮಾ ಬಾತುಯೆವ್ನಾ.”

“ಗೋಳ ಎಲ್ಲೂ ಓಡಿಹೋಗಲ್ಲ. ನೀನು ಬಾ.”

ಅವನು ಕೈಗವಸು ತೆಗೆಯುತ್ತ ಬಂದ. ಅವಳಿಗೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳುವಷ್ಟು ತಾಳ್ಮೆ ಇರಲಿಲ್ಲ. ಅಲ್ಲೇ, ಎಲ್ಲರ ಮುಂದೆ, ಕೇಳಿಬಿಟ್ಟಳು.

“ಮಿತಿ ಯಾಕೆ ಏರಿಸಿದೆ?”

“ಬರೆದಿದೀನಲ್ಲ. ಹೋದ ವರ್ಷ ಮಾರ್ಚಲ್ಲಿ ನೀರು ಬೇಗ ಮಿನುಗೋಕೆ ಶುರುವಾಗಿತ್ತು. ಹೊರಗಿನ ಮಾಹಿತೀಲಿ ನೋಡಿದೆ, ಹೌದು ಅನ್ನಿಸ್ತು, ಏರಿಸಿದೆ.”

“ಮೂರು ವರ್ಷ ಅನ್ನಿಸದ್ದು ಅವತ್ತೇ ಯಾಕನ್ನಿಸ್ತು?”

“ಅನ್ನಿಸ್ತು ಅಷ್ಟೆ. ಯಾಕೆ ಅಂದ್ರೆ ಏನು ಹೇಳ್ಲಿ?”

“ನಾನು ಹೇಳ್ತೀನಿ ಬಿಡು. ಕೊಳವೆ ರಿಪೇರಿ ಅಂತ ಒಳಗೆ ಹೋಗಿ ಪೆಟ್ಟಿಗೆ ಕದ್ದು ನೋಡಿದ್ಯಾ, ಇಲ್ವಾ?”

ರಾಟೆ ನಿಂತಿತು. ತಿರುಗಿಸುತ್ತಿದ್ದವರು ಹಿಡಿಯನ್ನು ಬಿಡಲಾರದೆ, ನೋಡಲೂ ಆಗದೆ ನೀರನ್ನೇ ದಿಟ್ಟಿಸುತ್ತ ನಿಂತರು. ಮತ್ವೇಯ್‌ನ ಮುಖದಲ್ಲಿ ಈ ಸಲ ಕೆಂಪು ಬರಲಿಲ್ಲ, ಇದ್ದ ರಕ್ತವೂ ಇಳಿಯಿತು.

“ಕೊಳವೆ ನಿಮ್ಮ ಯಂತ್ರದ ಮೇಲೆ ಸೋರ್ತಿತ್ತು,” ಎಂದ. ದನಿ ಸಣ್ಣಗಿತ್ತು. “ನೀವು ಪೇಟೆಗೆ ಹೋಗಿದ್ರಿ. ಇವರೆಲ್ಲ ಇಲ್ಲಿದ್ರು. ನನ್ನ ಕೋಟು ತೆಗೆದು ಯಂತ್ರದ ಮೇಲೆ ಹಾಕಿ, ಅರ್ಧ ಗಂಟೆ ಕೊಳವೇನ ಕೈಯಲ್ಲಿ ಒತ್ತಿ ಹಿಡ್ಕೊಂಡು ಕೂತಿದ್ದೆ. ಕೈ ಸುಟ್ಟಿತ್ತು. ದುಲ್ಮಾ ಎಣ್ಣೆ ಹಚ್ಚಿದ್ಲು, ಕೇಳಿ.”

“ಬರೋ ವರ್ಷಾನೂ ನಾನಿಲ್ಲೇ ಅಂತ ದುಲ್ಮಾಗೆ ಹೇಳಿದ್ದು?”

“ಅಡಿಗೆಯವರಿಗೆ ಮತ್ತಿನ್ನೇನು ಹೇಳ್ತಾರೆ? ನಿನ್ನ ಕಡುಬು ತಿಂದು ಸಾಕಾಯ್ತು ಅಂತ ಹೇಳ್ಬೇಕಿತ್ತಾ?” ಅವನು ಕೈಗವಸನ್ನು ಮಂಜುಗಡ್ಡೆಯ ಮೇಲೆ ಎಸೆದ. “ಯಂತ್ರ ಎಲ್ಲಾನೂ ಬರೆದಿಡುತ್ತಲ್ಲ, ಯಾರು ಯಾವಾಗ ಒಳಗೆ ನೋಡಿದ್ರು ಅಂತ. ತೆಗೆದು ಓದಿ. ನನ್ನ ಹೆಸರಿದ್ರೆ ಈ ತೂತಿನಲ್ಲಿ ತಳ್ಳಿಬಿಡಿ. ಇಲ್ದಿದ್ರೆ, ಇವರ ಮುಂದೇನೇ ಕಳ್ಳ ಅಂದ್ರಲ್ಲ, ಇವರ ಮುಂದೇನೇ ಅಲ್ಲ ಅನ್ನಿ.”

“ಅಂತೀನಿ,” ಎಂದಳು ಸೊಯೆಲ್ಮಾ. ಆದರೆ ಅನ್ನುವ ಸಂದರ್ಭ ಬರುವುದಿಲ್ಲವೆಂದೇ ಅವಳಿಗೆ ಖಾತ್ರಿಯಿತ್ತು.

ಆ ದಾಖಲೆಯನ್ನು ಯಾರೂ ಅಳಿಸುವಂತಿರಲಿಲ್ಲ. ಓದುವುದಕ್ಕೂ ಎರಡು ಕೀಲಿ ಬೇಕು, ಒಂದು ಅವಳದು, ಇನ್ನೊಂದು ಅರ್ಕಾಡಿಯದು. ಮರುದಿನ, ಗುರುವಾರ, ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕೋಣೆಗೆ ಹೋಗಿ ಕೂತರು. ಮಧ್ಯಾಹ್ನ ಎರಡಕ್ಕೆ ಎಲ್ಲರ ಸಭೆ, ಅಷ್ಟರಲ್ಲಿ ರುಜು ಬೇಕು. ಕೊಳವೆಗೆ ಸುತ್ತಿದ್ದ ತಂತಿ ಹೊಸದಾಗಿತ್ತು, ಕೆಳಗೆ ನೀರಿನ ಕಲೆ ಇತ್ತು. ಅದನ್ನು ನೋಡಿಯೂ ಸೊಯೆಲ್ಮಾ ನೋಡದವಳಂತೆ ಕೀಲಿ ತಿರುಗಿಸಿದಳು.

ದಾಖಲೆ ಬಹಳ ಚಿಕ್ಕದಿತ್ತು. ಹೋದ ಮೇ ತಿಂಗಳಿಂದ ಪೆಟ್ಟಿಗೆ ತೆರೆದ ದಿನದವರೆಗೆ ಒಂದೇ ಸಾಲು. ಮಾರ್ಚ್ ಮೂರು, ಬೆಳಿಗ್ಗೆ ಹತ್ತು ಇಪ್ಪತ್ತು, ಸೊಯೆಲ್ಮಾ ಬಾತುಯೆವ್ನಾ.

“ಇದು ನಿನ್ನ ವಾರ್ಷಿಕ ತಪಾಸಣೆ,” ಎಂದ ಅರ್ಕಾಡಿ.

“ಹೌದು. ಮಾಹಿತಿ ಪೂರ್ತಿ ಇದೆಯಾ ಅಂತ.”

“ಮತ್ತೆ ಯಾರೂ ಇಲ್ಲ. ನೋಡಿದ್ಯಾ? ಹುಡುಗ ಪುಟವಿಟ್ಟ ಚಿನ್ನ. ಪಾಪ, ಅವನ ಮುಖ ಹೇಗಾಗಿದೆ ನೋಡಿದ್ಯಾ ನಿನ್ನೆಯಿಂದ? ನನ್ನನ್ನ ಕೇಳಿದ್ರೆ ಮೊದಲು ಹೋಗಿ ಕ್ಷಮೆ ಕೇಳು, ಆಮೇಲೆ ರುಜು ಹಾಕು.” ಮುದುಕ ಎದ್ದು ಅವಳ ಭುಜ ತಟ್ಟಿ, ಕಾಗದವನ್ನು ಮೇಜಿನ ಮೇಲಿಟ್ಟು ಹೋದ.

ಸೊಯೆಲ್ಮಾಳಿಗೆ ನಿಜವಾಗಿಯೂ ನಾಚಿಕೆಯಾಯಿತು. ಪೆನ್ನು ತೆಗೆದಳು. ತೆಗೆದವಳು, ಬರಿಯ ಅಭ್ಯಾಸಬಲದಿಂದ, ಆ ಒಂದು ಸಾಲನ್ನೂ ಒತ್ತಿ ಬಿಡಿಸಿದಳು. ಮಾರ್ಚ್ ಮೂರರಂದು ತಾನು ನೋಡಿದ ಪಟ್ಟಿ ತೆರೆಯಿತು. ಅದರಲ್ಲಿ ನ್ಯೂಟ್ರಿನೊ ಇಲ್ಲ, ಬೆಳಕಿನ ಚಿತ್ರವಿಲ್ಲ, ದಿಕ್ಕಿಲ್ಲ. ಅರವತ್ತೆರಡು ಸ್ಫೋಟ, ಒಂದೊಂದರ ಎದುರಿಗೆ ಎಷ್ಟು ಮಾಲೆ ಕೆಲಸ ಮಾಡುತ್ತಿದ್ದವು, ಜರಡಿ ಎಷ್ಟನ್ನು ಕೈಬಿಟ್ಟಿದೆ ಎಂಬ ಲೆಕ್ಕ ಅಷ್ಟೆ. ಅದನ್ನು ನೋಡುವ ಅಧಿಕಾರ ಅವಳಿಗಿತ್ತು. ಪೂರ್ತಿ, ಪೂರ್ತಿ, ಪೂರ್ತಿ ಎಂದು ಸಾಲುಗಳು ಇಳಿದಿದ್ದವು. ನಲವತ್ತೊಂದರ ಎದುರಿಗೆ ಮಾತ್ರ: ಐದನೆಯ ಮಾಲೆಯನ್ನು ಕೈಬಿಟ್ಟಿದೆ, ಬೆಳಕು ಹೆಚ್ಚು.

ಅವಳಿಗೆ ಆ ಬೆಳಗು ನೆನಪಾಯಿತು. ನೆನಪಾಗಬಾರದಿತ್ತು, ಆಯಿತು.

ಪಟ್ಟಿ ನೋಡಿ, ಬೀಗ ಹಾಕಿ, ಅವಳು ನೇರ ಚಹಾಕ್ಕೆ ಹೋಗಿದ್ದಳು. ಎದುರಿಗೆ ಮತ್ವೇಯ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ಅವಳಿಗೆ ಯಾರನ್ನಾದರೂ ಕುಟುಕದೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ‘ಏನಪ್ಪಾ, ನಿಂದು ಜರಡಿನೋ ಕೊಡಲಿನೋ? ಹೋದ ವರ್ಷ ಮಾರ್ಚಲ್ಲಿ ನೀರು ಬೇಗ ಮಿನುಗಿತ್ತು, ನೀನು ಒಳ್ಳೇ ಮಾಲೆಗಳನ್ನೇ ಕಡಿದು ಹಾಕ್ತಿದೀಯ’ ಎಂದಿದ್ದಳು. ನಲವತ್ತೊಂದನೆಯ ಸ್ಫೋಟ ಹೋದ ವರ್ಷದ ಮಾರ್ಚಿನದು. ಅವನು ನಕ್ಕು ಬ್ರೆಡ್ಡು ಬಾಯಿಗಿಟ್ಟಿದ್ದ. ಅವಳು ಎರಡನೆಯ ಲೋಟ ಸುರಿದುಕೊಂಡು ದುಲ್ಮಾಳ ಒಲೆಯ ಹೊಗೆಯನ್ನು ಬಯ್ಯತೊಡಗಿದ್ದಳು. ಮಾರನೆಯ ದಿನ ಮಿತಿ ಏರಿತ್ತು.

ಅವಳು ಕುರ್ಚಿಗೆ ಒರಗಿದಳು. ನೀರು ಮಿನುಗಿತ್ತೆಂದು ಅವಳಿಗೆ ಹೇಳಿದವರು ಯಾರು? ಯಾರೂ ಇಲ್ಲ. ಮಾಲೆ ಬಿದ್ದದ್ದನ್ನು ಪಟ್ಟಿಯಲ್ಲಿ ನೋಡಿ, ನೀರೇ ಇರಬೇಕೆಂದು ತಾನೇ ಊಹಿಸಿಕೊಂಡಿದ್ದಳು. ನೀರಲ್ಲ ಅದು. ಆ ಮಾಲೆಯಲ್ಲಿ ಬೆಳಕು ಹೆಚ್ಚಾದದ್ದು ನ್ಯೂಟ್ರಿನೊದಿಂದಲೇ. ಅರವತ್ತೆರಡು ಸಾಲುಗಳಲ್ಲಿ ಅವಳ ಕಣ್ಣನ್ನು ಎಳೆದದ್ದೂ ಅದೇ, ಅವಳ ಬಾಯಿಂದ ಹೊರಬಿದ್ದದ್ದೂ ಅದೇ. ಅದು ಪೆಟ್ಟಿಗೆಯೊಳಗೆ ಕೂತು ಅವಳ ನಾಲಿಗೆ ಹಿಡಿದು ತನಗೆ ದಾರಿ ಬಿಡಿಸಿಕೊಂಡಿತ್ತು. ಪೆಟ್ಟಿಗೆಯ ಸುದ್ದಿ ಹೊರಗೆ ಹೋಗಿದೆಯೇ ಎಂದು ಎರಡು ದಿನ ಊರೆಲ್ಲ ಜಾಲಾಡಿದವಳು ತಾನೇ ಸುದ್ದಿ ಹೊತ್ತುಕೊಂಡು ಹೋಗಿ ಚಹಾದ ಮೇಜಿನ ಮೇಲೆ ಇಳಿಸಿ ಬಂದಿದ್ದಳು.

ಅರ್ಕಾಡಿಗೆ ಗೊತ್ತಿಲ್ಲ. ಮತ್ವೇಯ್‌ಗೆ ನೆನಪಿಲ್ಲ, ನೆನಪಿದ್ದರೆ ‘ಸ್ವಂತ ಗಮನಕ್ಕೆ ಬಂದದ್ದು’ ಎಂದು ಬರೆಯುತ್ತಿರಲಿಲ್ಲ. ಅವನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಪೆನ್ನು ಕೈಯಲ್ಲೇ ಇತ್ತು. ಒಂದು ಗೀಟು ಎಳೆದರೆ ಹುಡುಗನ ಕೆಲಸ ಉಳಿಯುತ್ತದೆ, ಮುದುಕ ನೆಮ್ಮದಿಯಿಂದ ಸಾಯುತ್ತಾನೆ, ಲೋಕಕ್ಕೆ ಒಂದು ನ್ಯೂಟ್ರಿನೊ ಸಿಗುತ್ತದೆ. ಅವಳಿಗೆ ಅದು ಬೇಕಿತ್ತು. ಸುಳ್ಳು ಯಾಕೆ ಹೇಳಬೇಕು, ಹನ್ನೊಂದು ವರ್ಷ ಬೀಗದ ಮುಂದೆ ಕೂತವಳಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು ಅವಳು ಮತ್ವೇಯ್‌ನನ್ನು ಹುಡುಕಿಕೊಂಡು ಹೋದಳು.

ಅವನು ಸರೋವರದಂಚಿನ ರೈಲುಹಳಿಯ ಪಕ್ಕ ಎತ್ತಿ ತಂದ ಗೋಳಗಳನ್ನು ಮರದ ಪೆಟ್ಟಿಗೆಗಳಲ್ಲಿ ಹುಲ್ಲಿಟ್ಟು ಜೋಡಿಸುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಓದಿದ್ರಾ?”

“ಓದಿದೆ. ನಿನ್ನ ಹೆಸರಿಲ್ಲ. ನಿನ್ನನ್ನ ಕಳ್ಳ ಅಂದೆ. ತಪ್ಪಾಯ್ತು ಕಣೋ. ರಾಟೆಯವರ ಮುಂದೇನೂ ಹೇಳ್ತೀನಿ.”

ಮತ್ವೇಯ್ ಹುಲ್ಲು ತುರುಕುತ್ತಿದ್ದವನು ನಿಟ್ಟುಸಿರು ಬಿಟ್ಟ. ನಿನ್ನೆಯಿಂದ ಹಿಡಿದಿಟ್ಟ ಉಸಿರಿರಬೇಕು. ಆಮೇಲೆ ನಕ್ಕೂ ಬಿಟ್ಟ.

“ನಿನ್ನೆ ನಿಮ್ಮನ್ನ ಕೊಂದುಹಾಕೋ ಅಷ್ಟು ಸಿಟ್ಟು ಬಂದಿತ್ತು. ರಾತ್ರಿ ಯೋಚನೆ ಮಾಡ್ದೆ. ನೀವು ಹೀಗೆ ಮಾಡಿದ್ದೇ ಒಳ್ಳೇದಾಯ್ತು. ಇನ್ನು ಯಾವ ದೇಶದವರು ಬಂದು ಏನು ಕೇಳಿದ್ರೂ ಆಯ್ತು. ಸೊಯೆಲ್ಮಾ ಬಾತುಯೆವ್ನಾನೇ ಅನುಮಾನಪಟ್ಟು, ಜಾಲಾಡಿ, ಒಪ್ಪಿದ್ದಾರೆ ಅಂದ್ರೆ ಮುಗೀತಲ್ಲ.”

ಅವನು ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು.

“ಮತ್ವೇಯ್, ಮಾರ್ಚ್ ಮೂರು. ಚಹಾಕ್ಕೆ ಕೂತಿದ್ವಿ. ನಿಂದು ಜರಡಿನೋ ಕೊಡಲಿನೋ ಅಂದೆ ನಾನು.”

“ನೀವು ದಿನಾ ಏನಾದ್ರೂ ಅಂತೀರಿ.”

“ಹೋದ ವರ್ಷ ಮಾರ್ಚಲ್ಲಿ ಒಳ್ಳೇ ಮಾಲೆ ಕಡೀತಿದೀಯ ಅಂದೆ. ಅದಕ್ಕೆ ಕಾಲು ಗಂಟೆ ಮುಂಚೆ ಪೆಟ್ಟಿಗೆಯ ಪಟ್ಟಿ ನೋಡಿ ಬಂದಿದ್ದೆ. ಬಿದ್ದಿದ್ದು ಒಂದೇ ಮಾಲೆ. ಐದನೇದು. ನಲವತ್ತೊಂದರಲ್ಲಿ.”

ಅವನ ಕೈಯಲ್ಲಿದ್ದ ಹುಲ್ಲು ಕೆಳಗೆ ಬಿತ್ತು. ತಿಳಿಯುವುದಕ್ಕೆ ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಜಾಣ. ಗೋಳದ ಪಕ್ಕ ಮಂಡಿಯೂರಿದವನು ಹಾಗೇ ಹಿಮದ ಮೇಲೆ ಕೂತುಬಿಟ್ಟ.

“ನನಗೇ ಹೊಳೀತು ಅಂದುಕೊಂಡಿದ್ದೆ,” ಎಂದ. “ಅವತ್ತು ಸಂಜೆ ಹೊರಗಿನ ಮಾಹಿತಿ ತೆಗೆದು ನೋಡಿದೆ. ಮಿನುಗು ಸ್ವಲ್ಪ ಹೆಚ್ಚಿತ್ತು. ನಿಜವಾಗ್ಲೂ ಇತ್ತು, ಸೊಯೆಲ್ಮಾ ಬಾತುಯೆವ್ನಾ. ಅದಕ್ಕೇ ಅಷ್ಟು ಖುಷಿ ಆಗಿತ್ತು, ನಾನೇ ಕಂಡುಹಿಡಿದೆ ಅಂತ.”

“ಇತ್ತು. ಆದ್ರೆ ನಾನು ಬಾಯಿ ಬಿಡದಿದ್ರೆ ನೀನು ನೋಡ್ತಿದ್ಯಾ?”

ಹಳಿಯ ಮೇಲೆ ಸಣ್ಣ ರೈಲು ಬಂದು, ಮೂವರನ್ನು ಇಳಿಸಿ, ಹೋಯಿತು.

“ಹೇಳಲೇಬೇಕಾ?” ಎಂದು ಕೇಳಿದ. ಕೇಳಿದ್ದಕ್ಕೆ ತಾನೇ ನಾಚಿ ತಲೆ ತಗ್ಗಿಸಿದ. “ನನ್ನ ಹೆಂಡತಿಗೆ ಮೊನ್ನೆ ಹೇಳಿಬಿಟ್ಟೆ. ಮನೆ ಖಾಲಿ ಮಾಡೋದು ಬೇಡ ಅಂತ.”

ಸೊಯೆಲ್ಮಾಳಿಗೆ ಅಳು ಬಂತು. ಅವಳಿಗೆ ಅಳು ಬಂದು ಎಷ್ಟು ವರ್ಷವಾಗಿತ್ತೋ.

“ಏನ್ ಮಾಡ್ಲಿ ಹೇಳು ಮಗನೇ? ಇದನ್ನ ಮುಚ್ಚಿಟ್ಟು ರುಜು ಹಾಕಿದ್ರೆ ನಾಳೆಯಿಂದ ನಾನು ಯಾವ ಮುಖ ಇಟ್ಕೊಂಡು ಇನ್ನೊಬ್ಬರನ್ನ ಕೇಳ್ಲಿ? ನೀನು ಹೇಳಬೇಡ. ನಾನು ಹೇಳ್ತೀನಿ. ತಪ್ಪು ನಂದು, ಪೂರ್ತಿ ನಂದು.”

“ನ್ಯೂಟ್ರಿನೊ ನಂದೂ ಹೌದಲ್ಲ,” ಎಂದ ಮತ್ವೇಯ್.

ಎರಡು ಗಂಟೆಯ ಸಭೆಯಲ್ಲಿ ಅವಳು ನಿಂತುಕೊಂಡೇ ಹೇಳಿದಳು. ಮೊದಲು ರಾಟೆಯವರ ಕಡೆ ತಿರುಗಿ, ನಿನ್ನೆ ಕಳ್ಳ ಎಂದದ್ದು ತಪ್ಪು, ಇವನಷ್ಟು ನೇರ ಮನುಷ್ಯ ಈ ಮನೆಯಲ್ಲಿಲ್ಲ ಎಂದಳು. ಆಮೇಲೆ ಪಟ್ಟಿಯ ವಿಷಯ, ಚಹಾದ ವಿಷಯ, ಕೊಡಲಿಯ ಮಾತು, ಒಂದನ್ನೂ ಬಿಡದೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ದುಲ್ಮಾ ಸೆರಗಿನಂತೆ ಏಪ್ರನ್ನಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಹಿಂದಿನ ಬೆಂಚಿನಿಂದ ಯಾರೋ, “ಅಯ್ಯೋ, ಚಹಾ ಕುಡೀತಾ ಆಡಿದ ಮಾತಿಗೆಲ್ಲ ಲೆಕ್ಕ ಇಟ್ರೆ ಆಗುತ್ತೇನ್ರೀ?” ಎಂದರು.

ಅರ್ಕಾಡಿ ಸಾವೆಲ್ಯೆವಿಚ್ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಅವನ ಕೈ ಆಗ ನಿಜವಾಗಿಯೂ ನಡುಗುತ್ತಿತ್ತು.

“ಸೊಯೆಲ್ಮಾ, ಒಂದು ಮಾತು ಕೇಳ್ತೀನಿ. ಆ ನ್ಯೂಟ್ರಿನೊ ಅಲ್ಲಿಂದಲೇ ಬಂದದ್ದು ಅಂತ ನಿನಗನ್ಸುತ್ತಾ?”

“ಅನ್ಸುತ್ತೆ,” ಎಂದಳು ಅವಳು. “ಬಂದದ್ದೇ ಇರ್ಬೇಕು. ಆದ್ರೆ ಅದನ್ನ ಹೇಳೋ ಯೋಗ್ಯತೆ ನಮ್ಮ ಬಾಯಿಗಿಲ್ಲ ಈಗ. ನಾನೇ ಕಳೆದೆ.” ಕೀಲಿಯನ್ನು ತೆಗೆದು ಅವನ ಮುಂದಿಟ್ಟಳು.

ಮುದುಕ ಕೀಲಿಯನ್ನು ಮುಟ್ಟಲಿಲ್ಲ. ಮಾರ್ಚ್ ಮೂರರ ಜರಡಿಯೇ ಊರ್ಜಿತ, ಅದರಲ್ಲಿ ಬಂದದ್ದನ್ನೇ ಬರೆಯತಕ್ಕದ್ದು ಎಂದ. ಹಳೆಯ ಮಿತಿ ಹಾಕಿ ಇಲ್ಲಿಯೇ, ಎಲ್ಲರ ಮುಂದೆ ಓಡಿಸು ಎಂದು ಮತ್ವೇಯ್‌ಗೆ ಹೇಳಿದ. ಅವನೇ ಓದಬೇಕು, ತಾನು ಬರೆದುಕೊಳ್ಳುತ್ತೇನೆ ಎಂದು ಪುಸ್ತಕ ಬಿಡಿಸಿದ.

ಮತ್ವೇಯ್ ಎದ್ದು ಯಂತ್ರದ ಮುಂದೆ ಕೂತ. ಓಡಿಸಲು ನಾಲ್ಕು ನಿಮಿಷ ಹಿಡಿಯಿತು. ಓದತೊಡಗಿದ. “ಒಂದು, ಸೊನ್ನೆ. ಎರಡು, ಸೊನ್ನೆ. ಮೂರು, ಸೊನ್ನೆ.” ಇಪ್ಪತ್ತರವರೆಗೆ ಸರಾಗವಾಗಿ ಓದಿದ. ಮೂವತ್ತು ದಾಟಿದ ಮೇಲೆ ನಿಧಾನವಾಯಿತು. ಮೂವತ್ತೊಂಬತ್ತು, ಸೊನ್ನೆ. ನಲವತ್ತು, ಸೊನ್ನೆ. ಅಲ್ಲಿ ನಿಂತ. ಪರದೆಯನ್ನು ನೋಡುತ್ತ ಕೂತ. ಅರ್ಕಾಡಿಯ ಪೆನ್ನು ಪುಸ್ತಕದ ಮೇಲೆ ಕಾಯುತ್ತಿತ್ತು.

ಸೊಯೆಲ್ಮಾ ಬಾತುಯೆವ್ನಾ ಬೆಂಚುಗಳನ್ನು ಬಳಸಿಕೊಂಡು ಹೋಗಿ ಅವನ ಹಿಂದೆ ನಿಂತು, ಅವನ ತಲೆಯ ಮೇಲಿಂದ ಬಗ್ಗಿ ಪರದೆ ನೋಡಿದಳು.

“ನಲವತ್ತೊಂದು,” ಎಂದು ಗಟ್ಟಿಯಾಗಿ ಓದಿದಳು, “ಸೊನ್ನೆ.”

ಮುದುಕ ಬರೆದುಕೊಂಡ. ಅವಳು ಮತ್ವೇಯ್‌ನ ಹೆಗಲ ಮೇಲೆ ಕೈಯಿಟ್ಟು, ಮುಂದೆ ಓದು ಎಂದಳು. ಇನ್ನೂ ಇ‍ಪ್ಪತ್ತೊಂದು ಉಳಿದಿದ್ದವು.